ಕಲ್ಪವೃಕ್ಷದ ಮೇಲೆ ಚಂದ್ರಿ

ಗೌರಿ ಹಬ್ಬಕ್ಕೆ ತುರುವನೂರಿನ ತವರಿಗೆ ಹೊರಟ ಗಿರಿಯಮ್ಮ ಬಸ್ಸು ಹತ್ತುವ ಮೊದಲು ಗಂಡನಿಗೆ ಹೇಳಿದ ಮಾತುಗಳಲ್ಲಿ ಗಂಡನ ಊಟತಿಂಡಿಯ ಪ್ರಸ್ತಾಪವೇ ಇರಲಿಲ್ಲ. ಎಲ್ಲವೂ ಚಂದ್ರಿ ಎಂಬ ಬೆಕ್ಕಿನ ವಿಷಯ. ಹಾಲು ಆರಿಸಿ ಇಡಬೇಕು, ಬೀದಿ ಬಾಗಿಲು ತೆಗೆದು ಬಿಡಬಾರದು, ರಾತ್ರಿ ಕಾಲ ಬಳಿ ಬಂದು ಮಲಗಿದರೆ ಒದೆಯಬಾರದು. ಕಣ್ಣು ಬಿಡುವ ಮೊದಲೇ ತಾಯಿಯನ್ನು ಕಳೆದುಕೊಂಡ ಮರಿಗೆ ಹತ್ತಿಯಲ್ಲಿ ಹಾಲದ್ದಿ ಕುಡಿಸಿ ಸಾಕಿದವಳು ಅವಳು.

"ಅದಕ್ಕೇನಾರ ಆದ್ರೆ ನಾನು ಈ ಕಡೆ ತಲೆ ಹಾಕಾದಿಲ್ಲ" ಎಂದು ಕಿಟಕಿಯಿಂದ ಹೇಳಿದಳು. ಟೈಲರ್ ಪಾಲಣ್ಣ ತಲೆಯಾಡಿಸಿದ. ಸಂಸಾರದಲ್ಲಿ ಅವನಿಗೆ ಚೆನ್ನಾಗಿ ಅಭ್ಯಾಸವಾಗಿದ್ದ ಕೆಲಸ ಅದು.

ಚಿತ್ರದುರ್ಗದ ಕೋಟೆಯ ಕೆಳಗಿನ ಆ ಓಣಿಯಲ್ಲಿ ಈ ಸಲ ಗಣೇಶನ ಪೆಂಡಾಲು ಎದ್ದದ್ದು ಸರಿಯಾಗಿ ಪಾಲಣ್ಣನ ಮನೆಯೆದುರಿಗೆ. ಊರಿನ ಅತಿ ಚೆಂದದ ಪೆಂಡಾಲಿಗೆ ಬಹುಮಾನವಿತ್ತು. ಸಮಿತಿಯ ಅಧ್ಯಕ್ಷರು ನಿವೃತ್ತ ಡ್ರಿಲ್ ಮೇಷ್ಟ್ರು ತಿಪ್ಪೇರುದ್ರಪ್ಪ. ನಿವೃತ್ತಿಯಾದರೂ ಅವರ ಕೊರಳಿನ ಸೀಟಿ ನಿವೃತ್ತಿಯಾಗಿರಲಿಲ್ಲ. ಬಿದಿರು ಕಟ್ಟಿ, ಬೆಳ್ಳಿ ಕಾಗದದ ಎಲೆ ಅಂಟಿಸಿ, ಗಾಜಿನ ಗುಂಡು, ಜರಿ ಎಳೆ, ಬಣ್ಣದ ಬಲ್ಬಿನ ಸೀರಿಯಲ್ ಸೆಟ್ಟು ಇಳಿಬಿಟ್ಟು, ಅವರು ಗಣೇಶನ ಪಕ್ಕದಲ್ಲಿ ಒಂದು ಕಲ್ಪವೃಕ್ಷವನ್ನೇ ನಿಲ್ಲಿಸಿದ್ದರು. ಬೇಡಿದ್ದನ್ನು ಕೊಡುವ ಮರ.

ಗಣೇಶನ ಹಬ್ಬದ ಮರುದಿನ ಬೆಳಿಗ್ಗೆ ಪಾಲಣ್ಣ ಹಾಲು ತೆಗೆದುಕೊಳ್ಳಲು ಬಾಗಿಲು ತೆಗೆದ. ಚಂದ್ರಿ ಅವನ ಕಾಲ ಸಂದಿಯಲ್ಲಿ ನುಸುಳಿ ಹೋಯಿತು. ಅವನು ಹಾಲಿನ ಪಾತ್ರೆ ಕೆಳಗಿಡುವಷ್ಟರಲ್ಲಿ ಕಲ್ಪವೃಕ್ಷ ಗಾಳಿಯಿಲ್ಲದೆಯೇ ಅಲ್ಲಾಡತೊಡಗಿತ್ತು. ಮೇಲಿನ ಕೊಂಬೆಯಲ್ಲಿ ಕುಳಿತ ಚಂದ್ರಿ, ಮದುವೆಮನೆಯಲ್ಲಿ ಶ್ಯಾವಿಗೆ ಸವಿಯುವ ಬೀಗರ ಹಾಗೆ ಕಣ್ಣು ಅರೆಮುಚ್ಚಿ ಜರಿ ಎಳೆಯನ್ನು ಅಗಿಯುತ್ತಿತ್ತು.

ತಿಪ್ಪೇರುದ್ರಪ್ಪ ಓಡಿ ಬಂದು ಸೀಟಿ ಊದಿದರು. ಬೆಕ್ಕು ಇನ್ನೊಂದು ಕೊಂಬೆ ಮೇಲೇರಿತು. ಕೊನೆಗೆ ಪಾಲಣ್ಣನೇ ಸ್ಟೂಲು ಹತ್ತಿ, ಎರಡೂ ಕೈ ಪರಚಿಸಿಕೊಂಡು ಇಳಿಸಿದ. ಪಕ್ಕದ ಮನೆಯ ಹುಚ್ಚಕ್ಕ ಬೆಕ್ಕಿನ ಬಾಯನ್ನು ಅಗಲಿಸಿ ಒಳಗೆ ಇಣುಕಿದಳು. ಸದ್ಯ, ಎಳೆ ಇನ್ನೂ ನಾಲಿಗೆಯ ಮೇಲೇ ಇತ್ತು. ಹಿರೇಗುಂಟನೂರಿನಲ್ಲಿ ತನ್ನ ತಂಗಿಯ ಬೆಕ್ಕು ಹೀಗೆಯೇ ಹೂವಿನ ದಾರ ನುಂಗಿ ಸತ್ತೇ ಹೋಯಿತೆಂದು ಅವಳು ವಿವರವಾಗಿ ಹೇಳಿದಳು. "ದಾರ ಹೋಗಿ ಕರುಳಿಗೆ ಸುತ್ಕಂತೈತೆ ಕಣಪ್ಪ. ಆಮೇಲೆ ಯಾವ ಡಾಕ್ಟ್ರೂ ಏನೂ ಮಾಡಂಗಿಲ್ಲ."

ಪಾಲಣ್ಣ ಆ ಎಳೆಯನ್ನು ಮೆಲ್ಲಗೆ ಎಳೆದು ತೆಗೆದ. ಅಷ್ಟರಲ್ಲಿ ಲೈಟಿನ ಓಬಯ್ಯ ವೈರು ಎತ್ತಿ ನೋಡಿ, ಜಾಯಿಂಟಿನ ಟೇಪು ಬಿಟ್ಟಿದೆಯೆಂದೂ, ಹಲ್ಲು ತಾಗಿದರೆ ಬೆಕ್ಕಿನ ಜೊತೆ ಓಣಿಯ ಫ್ಯೂಜೂ ಹೋಗುತ್ತದೆಂದೂ ತಿಳಿಸಿದ. ತಿಪ್ಪೇರುದ್ರಪ್ಪನವರಿಗೆ ಬೇರೆಯದೇ ಚಿಂತೆ. ಎರಡು ಗಾಜಿನ ಗುಂಡು ಒಡೆದಿದ್ದವು. ಇನ್ನೊಮ್ಮೆ ಈ ಪ್ರಾಣಿ ಮರದ ಮೇಲೆ ಕಂಡರೆ ಚೀಲದಲ್ಲಿ ಕಟ್ಟಿ ಹಿರಿಯೂರಿನ ಲಾರಿಗೆ ಹಾಕುವುದಾಗಿ ಎಲ್ಲರೆದುರು ಘೋಷಿಸಿದರು.

ಮನೆಯಲ್ಲಿ ಕೂಡಿ ಹಾಕಿದರೆ ಚಂದ್ರಿ ಅಡುಗೆಮನೆಯ ಗವಾಕ್ಷಿಯಿಂದ ಹಾರಿತು. ಗವಾಕ್ಷಿಗೆ ಹಲಗೆ ಕೊಟ್ಟರೆ ಹೆಂಚು ಸರಿಸಿಕೊಂಡು ಬಂತು. ಬೆಕ್ಕನ್ನು ತಡೆಯುವುದು ಆಗದ ಮಾತು, ಮರವನ್ನೇ ಸರಿಮಾಡಬೇಕೆಂದು ಪಾಲಣ್ಣ ತೀರ್ಮಾನಿಸಿದ. ಹೊಲಿಯಬೇಕಾದ ಬಟ್ಟೆಗಳನ್ನು ಮೂಲೆಗೆ ತಳ್ಳಿ, ಮರ ಉರುಳದಂತೆ ಪೆಂಡಾಲಿನ ಕಂಬಕ್ಕೆ ಬಿಗಿದ. ಕೆಳಗಿನ ಜರಿಯನ್ನೂ ಗಾಜಿನ ಗುಂಡುಗಳನ್ನೂ ಬಿಚ್ಚಿ ತುದಿಗೆ ಕಟ್ಟಿದ. ಓಬಯ್ಯನಿಗೆ ಟೀ ಕುಡಿಸಿ ವೈರಿಗೆ ಹೊಸ ಟೇಪು ಸುತ್ತಿಸಿದ.

ಇಷ್ಟಾದರೂ ಸಾಲದೆಂದಳು ಹುಚ್ಚಕ್ಕ. ಬೆಕ್ಕಿಗೆ ಹುಳಿಹಣ್ಣಿನ ಸಿಪ್ಪೆಯ ವಾಸನೆ ಆಗುವುದಿಲ್ಲವಂತೆ. ಪಾಲಣ್ಣ ಬಸ್ ಸ್ಟ್ಯಾಂಡಿನ ಜ್ಯೂಸ್ ಅಂಗಡಿಗೆ ಹೋಗಿ ಒಂದು ಚೀಲ ಮೋಸಂಬಿ ಸಿಪ್ಪೆ ಹೊತ್ತು ತಂದ. ಬಂದು ನೋಡಿದರೆ ಚಂದ್ರಿ ಮತ್ತೆ ಕೊಂಬೆಯ ಮೇಲೆ ಆರಾಮಾಗಿ ಕುಳಿತು, ಗಣೇಶನ ಕಾಲ ಬಳಿಯ ಮಣ್ಣಿನ ಇಲಿಯನ್ನೇ ದಿಟ್ಟಿಸುತ್ತಿತ್ತು. ಪುಣ್ಯಕ್ಕೆ ತಿಪ್ಪೇರುದ್ರಪ್ಪ ಪೇಟೆಗೆ ಹೋಗಿದ್ದರು.

ಅದನ್ನು ಇಳಿಸಿ ಪಾಲಣ್ಣ ಮರದ ಸುತ್ತ ಸಿಪ್ಪೆ ಹರಡಿದ. ದರ್ಶನಕ್ಕೆ ಬಂದ ಹೆಂಗಸೊಬ್ಬಳು ಇದು ಯಾವ ಸೇವೆಯೆಂದು ಕೇಳಿದಳು. ಬೆಕ್ಕಿಗೆ ಎನ್ನಲು ನಾಚಿ, ದೃಷ್ಟಿಗೆ ಎಂದುಬಿಟ್ಟ. ಆಕೆ ಹೋಗಿ ಒಂದು ನಿಂಬೆಹಣ್ಣು ತಂದಿಟ್ಟು ಕೈಮುಗಿದಳು. ಅವಳನ್ನು ನೋಡಿ ಮತ್ತೊಬ್ಬಳು ಹಣ್ಣನ್ನು ಕೊಯ್ದೇ ಇಟ್ಟಳು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಕಲ್ಪವೃಕ್ಷದ ಬುಡ ಉಪ್ಪಿನಕಾಯಿ ಹಾಕುವ ಮನೆಯಂತೆ ನಾರತೊಡಗಿತು. ಚಂದ್ರಿ ಬಂತು, ಮೂಸಿತು, ಮೂರು ಸಲ ಸೀನಿ ಬಾಲ ಉಬ್ಬಿಸಿಕೊಂಡು ಮನೆಯೊಳಗೆ ಓಡಿತು. ಇನ್ನು ಆ ಮರದ ಸಹವಾಸಕ್ಕೆ ಅದು ಬರುವುದಿಲ್ಲವೆಂದು ಖಾತ್ರಿಯಾಯಿತು. ಪಾಲಣ್ಣ ಜಗಲಿಯ ಮೇಲೆ ಕುಳಿತು, ಬೆನ್ನ ಹಿಂದಿನ ಕೋಟೆಯನ್ನು ತಾನೊಬ್ಬನೇ ಕಾಪಾಡಿದವನ ಹಾಗೆ ಕಾಲು ಚಾಚಿದ.

ಆಗ ತಿಪ್ಪೇರುದ್ರಪ್ಪ ಪೇಟೆಯಿಂದ ಏದುಸಿರು ಬಿಡುತ್ತ ಬಂದರು.

"ಪಾಲಣ್ಣ, ಬೆಕ್ಕು ಎಲ್ಲೈತೆ?"

ಚೀಲ ತಂದರೇನೋ ಎಂದು ಪಾಲಣ್ಣ ಬಾಗಿಲಿಗೆ ಅಡ್ಡ ನಿಂತ. ವಿಷಯ ಬೇರೆಯೇ ಇತ್ತು. ತೀರ್ಪುಗಾರರು ಯಾರಿಗೂ ಹೇಳದೆ, ಪಾಲಣ್ಣ ಸಿಪ್ಪೆ ತರಲು ಹೋಗಿದ್ದ ಹೊತ್ತಿನಲ್ಲೇ ಬಂದು ಹೋಗಿದ್ದರು. ಕೊಂಬೆಯ ಮೇಲೆ ಬೆಕ್ಕು, ಕೆಳಗೆ ಇಲಿ, ನಡುವೆ ವಿಘ್ನೇಶ್ವರ. ಕಲ್ಪವೃಕ್ಷದ ನೆರಳಲ್ಲಿ ಹಗೆಯೇ ಇಲ್ಲವೆಂಬ ಇಂಥ ಕಲ್ಪನೆ ಬೇರೆ ಯಾವ ಪೆಂಡಾಲಿನಲ್ಲೂ ಇಲ್ಲವೆಂದು ಪೇಟೆಯಲ್ಲಿ ಹೊಗಳಿದ್ದರು. ಸಂಜೆ ಫೋಟೋದವನನ್ನು ಕರೆದುಕೊಂಡು ಮತ್ತೆ ಬರುತ್ತಾರೆ. ಬೆಳಿಗ್ಗೆ ಲಾರಿಗೆ ಹಾಕಬೇಕಾಗಿದ್ದ ಪ್ರಾಣಿಯನ್ನು ಅಧ್ಯಕ್ಷರು ಈಗ ಚಂದ್ರಮ್ಮ ಎನ್ನುತ್ತಿದ್ದರು.

ಪಾಲಣ್ಣ ಆಗುವುದಿಲ್ಲವೆಂದ. ದಾರ, ಕರುಳು, ಕರೆಂಟು ಎಲ್ಲವನ್ನೂ ಹೇಳಿದ. ಓಣಿಯ ಮರ್ಯಾದೆಯ ಪ್ರಶ್ನೆಯೆಂದರು ತಿಪ್ಪೇರುದ್ರಪ್ಪ. ಕರೆಂಟು ಕೊಡುವುದೇ ಇಲ್ಲವೆಂದು ಓಬಯ್ಯ ಗಣೇಶನ ಮೇಲೆ ಆಣೆ ಇಟ್ಟ. ಒಂದು ಗಳಿಗೆ ಕೂತರೆ ಬೆಕ್ಕೇನು ಸವೆದು ಹೋಗುತ್ತದೆಯೇ ಎಂದಳು ಹುಚ್ಚಕ್ಕ. ಗಿರಿಯಮ್ಮ ಬರುವುದು ಹೇಗೂ ಭಾನುವಾರ. ಪಾಲಣ್ಣ ತಲೆಯಾಡಿಸಿದ.

ಸಿಪ್ಪೆ ಗುಡಿಸಿದರು, ನೆಲ ತೊಳೆದರು, ಊದುಬತ್ತಿ ಹಚ್ಚಿದರು. ವಾಸನೆ ಹೋಗಲಿಲ್ಲ. ಕೊಂಬೆಯ ಮೇಲೆ ಗಿಣ್ಣು ಇಟ್ಟು ಕರೆದರೂ ಚಂದ್ರಿ ಹೊಸ್ತಿಲು ದಾಟಲಿಲ್ಲ. ಕತ್ತಲಾಗುತ್ತ ಬಂತು. ಪಾಲಣ್ಣ ಬೆಕ್ಕನ್ನು ಎತ್ತಿಕೊಂಡು ಸ್ಟೂಲು ಹತ್ತಿ ಕೊಂಬೆಗೆ ಒತ್ತಿದ. ಅದು ನಾಲ್ಕೂ ಕಾಲಿನಿಂದ ಅವನ ಅಂಗಿಗೆ ಕಚ್ಚಿಕೊಂಡು ಚೀರಿತು. ಕೆಳಗಿನಿಂದ ಇಡೀ ಓಣಿ ನೂಕು, ನೂಕು ಎನ್ನುತ್ತಿತ್ತು. ತೀರ್ಪುಗಾರರ ಜೀಪು ತಿರುವಿನಲ್ಲಿ ಕಂಡದ್ದೇ ಓಬಯ್ಯ ಆಣೆ ಮರೆತು ಸ್ವಿಚ್ಚು ಒತ್ತಿದ. ಕಲ್ಪವೃಕ್ಷ ಝಗ್ಗನೆ ಬೆಳಗಿತು.

ಆ ಬೆಳಕಿನಲ್ಲಿ ಪಾಲಣ್ಣನಿಗೆ ಮೊದಲು ಕಂಡದ್ದು ಗಿರಿಯಮ್ಮ. ಚಂದ್ರಿಯಿಲ್ಲದೆ ತವರಿನಲ್ಲಿ ನಿದ್ದೆ ಹತ್ತಲಿಲ್ಲವೆಂದು ಸಂಜೆಯ ಬಸ್ಸಿಗೇ ಬಂದುಬಿಟ್ಟಿದ್ದಳು.

ಅವಳು ಬಂದು, ಕೈ ಚಾಚಿ, ನಡುಗುತ್ತಿದ್ದ ಬೆಕ್ಕನ್ನು ಇಸಿದುಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು.

"ಬೆಳಗಿಂದ ಇಳಿಸಾದೇ ಆಗೈತೆ ಕಣೇ. ಈಗೊಂದ್ಸಲ ಮಾತ್ರ..." ಎಂದ ಪಾಲಣ್ಣ, ಸಾಕ್ಷಿಗೆ ಹುಚ್ಚಕ್ಕನ ಕಡೆ ನೋಡಿದ.

"ನಾನು ಬ್ಯಾಡ ಅಂತ್ಲೇ ಹೇಳ್ದೆ ಕಣಮ್ಮ" ಎಂದಳು ಹುಚ್ಚಕ್ಕ.

ಗಿರಿಯಮ್ಮ ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಜೀಪು ಬಂದು ನಿಂತಿತು. ತೀರ್ಪುಗಾರರು ಇಳಿದು, ಫೋಟೋದವನನ್ನು ಮುಂದೆ ಬಿಟ್ಟು, ಖಾಲಿ ಕೊಂಬೆಯನ್ನು ನೋಡಿದರು. ತಿಪ್ಪೇರುದ್ರಪ್ಪ ಓಡಿ ಹೋಗಿ ಬಾಗಿಲು ಬಡಿದು, ಚಂದ್ರಮ್ಮನನ್ನು ಒಂದೇ ಒಂದು ನಿಮಿಷ ಕಳಿಸಿಕೊಡಬೇಕೆಂದು ಬೇಡಿಕೊಂಡರು.

"ಬೆಕ್ಕು ಬರಾದಿಲ್ಲ" ಎಂದಿತು ಒಳಗಿನ ದನಿ. "ನಮ್ಮೆಜಮಾನ್ರು ಹೊರಗೇ ಅದಾರಲ್ಲ, ಅವರ‍್ನೇ ಹತ್ತಿಸ್ಕಳ್ರಿ."

ತಿಪ್ಪೇರುದ್ರಪ್ಪ ನಿಧಾನವಾಗಿ ತಿರುಗಿ ಪಾಲಣ್ಣನನ್ನು ಮೇಲಿನಿಂದ ಕೆಳಗಿನವರೆಗೆ ಅಳೆದು ನೋಡಿದರು. ಸ್ಟೂಲನ್ನು ಇನ್ನೂ ಯಾರೂ ತೆಗೆದಿರಲಿಲ್ಲ.