ಹೆಚ್ಚಾದ ಬ್ಯಾಟರಿಯ ಬಗ್ಗೆ ಅತ್ತೆಯವರಿಗೆ ಸಮಜಾಯಿಷಿ

ಇಂದ:
ಗುರುಪಾದ (ಮುಂದೆ ‘ಅರ್ಜಿದಾರ’),
ನೌಕರಿಯಿಂದ ಗುಮಾಸ್ತ, ಹಟದಿಂದ ಇಂಜಿನಿಯರ್,
ಕೆಲಗೇರಿ, ಧಾರವಾಡ.

ಗೆ:
ಶ್ರೀಮತಿ ಚನ್ನಬಸವ್ವನವರು,
ಅರ್ಜಿದಾರನ ಹೆಂಡತಿಯ ತಾಯಿ,
ಖಾಯಂ ಊರು ಸುಳ್ಳ, ಸದ್ಯ ಮಗಳ ಮನೆ.

ಮೂಲಕ:
ಶ್ರೀಮತಿ ವಾಣಿಶ್ರೀ, ಒಬ್ಬರಿಗೆ ಮಗಳು, ಒಬ್ಬರಿಗೆ ಹೆಂಡತಿ, ಇಬ್ಬರಿಗೂ ಇನ್‌ಚಾರ್ಜ್.

ವಿಷಯ: ಸಿಟ್ಟಿನಿಂದ ಸುಳ್ಳಕ್ಕೆ ಹೊರಟಿರುವುದನ್ನು ರದ್ದುಪಡಿಸುವ ಕುರಿತು.

ಉಲ್ಲೇಖ: ಇಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತ ತಾವು ಮಗಳಿಗೆ ಹೇಳಿದ, ಗೋಡೆಯಾಚೆ ಅರ್ಜಿದಾರನಿಗೂ ಮುಟ್ಟಿದ ಮಾತು.

ಮಾನ್ಯ ಅತ್ತೆಯವರೇ,

ಅತ್ತೆ ಅಳಿಯ ಎದುರುಬದುರು ನಿಂತು ಮಾತಾಡುವ ಪದ್ಧತಿ ಈ ಮನೆಯಲ್ಲಿ ಇಲ್ಲದ ಕಾರಣ, ಈ ಕೆಳಗಿನ ಸಂಗತಿಗಳನ್ನು ಲಿಖಿತವಾಗಿ ನಿವೇದಿಸಲಾಗಿದೆ.

1. ತಮ್ಮ ಕಿವಿ ತುಸು ಮಂದವಾದ್ದರಿಂದ ಮನೆಯ ಟಿವಿ ಓಣಿಗೆಲ್ಲ ಕೇಳಿಸುತ್ತಿತ್ತು. ಪಕ್ಕದ ಮನೆಯ ಮಂದಾಕಿನಿಬಾಯಿಯವರು, “ನಿಮ್ಮ ಟಿವಿ ಇರೂತನಕಾ ನಮಗ ಬ್ಯಾರೆ ಟಿವಿ ಬೇಕಾಗಿಲ್ಲ ಬಿಡ್ರಿ. ಮಾತೆಲ್ಲಾ ಕೇಳಸ್ತಾವ, ಮಾರಿ ಅಷ್ಟ ಕಾಣೂದಿಲ್ಲ” ಎಂದು ಮೆಚ್ಚುಗೆ ಸೂಚಿಸಿದರು. ಕಾರಣ, ಮೊಬೈಲಿನಲ್ಲಿ ಧಾರಾವಾಹಿ ಹಚ್ಚಿ, ಅದರ ದನಿಯನ್ನು ಹಿಗ್ಗಿಸಿ ತಮ್ಮ ಕಿವಿಗಷ್ಟೇ ಮುಟ್ಟಿಸುವ ಹೆಡ್‌ಫೋನ್ ಆಂಪ್ಲಿಫೈಯರ್ ಒಂದನ್ನು ಅರ್ಜಿದಾರನು ಹಳೆಯ ಟಿಫಿನ್ ಡಬ್ಬಿಯಲ್ಲಿ ಸ್ವಹಸ್ತದಿಂದ ನಿರ್ಮಿಸಿದನು. ತಾವು ಸೊಪ್ಪಿನ ಪಲ್ಲೆ ಸೋಸುತ್ತಲೂ ಕೇಳುವಂತಾಗಲೆಂದು ಅದಕ್ಕೆ ಲಿಥಿಯಂ ಬ್ಯಾಟರಿ ಅಳವಡಿಸಿದನು.

2. ಬ್ಯಾಟರಿ ಎಂದ ಮೇಲೆ ಚಾರ್ಜರ್ ಬೇಕು. ದುರ್ಗದಬೈಲಿನ ಬಿಡಿಭಾಗದ ಅಂಗಡಿಯ ಮೆಹಬೂಬನು, “ರೆಡಿ ಬೋರ್ಡ್ ಸಿಗತೈತ್ರಿ ಸರ, ತಗೊಂಡ್ ಹೋಗಿ ಹಚ್ಚರಿ” ಎಂದನು. “ಸರ್ಕ್ಯೂಟ್ ನಂದ ಇರಬೇಕು” ಎಂದು ಅರ್ಜಿದಾರನು ಉತ್ತರಿಸಿದನು. “ಅತ್ತೀನೂ ನಿಮ್ಮವರ ಅದಾರ್ರಿ, ವಿಚಾರ ಮಾಡ್ರಿ” ಎಂಬ ಅವನ ಟಿಪ್ಪಣಿಯನ್ನು ಆಗ ಪರಿಗಣಿಸಲಿಲ್ಲ.

3. ಲಿಥಿಯಂ ಬ್ಯಾಟರಿಯು ಪಂಕ್ತಿಗೆ ಕೂತ ಬೀಗರಂತಲ್ಲ. ಹೊಟ್ಟೆ ತುಂಬಿದ ಮೇಲೆ ‘ಇನ್ನೊಂದು ಹೋಳಿಗಿ’ ಎಂದು ಒತ್ತಾಯ ಮಾಡಿದರೆ ಉಬ್ಬುತ್ತದೆ, ಕೆಲವೊಮ್ಮೆ ಉರಿಯುತ್ತದೆ. ನಾಲ್ಕು ಪಾಯಿಂಟ್ ಎರಡು ವೋಲ್ಟಿಗೆ ‘ಸಾಕು’ ಅನ್ನಬೇಕು. ಆ ‘ಸಾಕು’ ಎಲ್ಲಿ ಎಂಬುದನ್ನು ನಿಗದಿಪಡಿಸಲು ಅರ್ಜಿದಾರನು ತನ್ನ ಸರ್ಕ್ಯೂಟಿನಲ್ಲಿ ಒಂದು ಸಣ್ಣ ತಿರುಪು ಇಟ್ಟಿದ್ದನು. ಸದರಿ ತಿರುಪೇ ಮುಂದಿನ ಎಲ್ಲ ತಿರುವುಗಳಿಗೆ ಕಾರಣ.

4. ಮೊದಲ ದಿನ ಧಾರಾವಾಹಿಯ ಸೊಸೆ ಬಾಯಿ ತೆರೆಯುವ ಹೊತ್ತಿಗೆ ಡಬ್ಬಿ ಬಾಯಿ ಮುಚ್ಚಿತು. ತಾವು ಮಗಳಿಗೆ ಹೇಳಿದಿರಿ, ಮಗಳು ಬಂದು ಅರ್ಜಿದಾರನಿಗೆ ಹೇಳಿದಳು: “ಬ್ಯಾಟ್ರಿ ಹೆಚ್ಚಾಗೇತಂತರಿ, ಅವ್ವ ಹೇಳ್ಯಾಳ.”

ತಾವು ಸುಳ್ಳದವರು, ಆದರೆ ಸುಳ್ಳಾಡಿದವರಲ್ಲ. ಆದ್ದರಿಂದ ಹೆಚ್ಚಾಗಿದೆ ಎಂದರೆ ಹೆಚ್ಚಾಗಿಯೇ ಇರಬೇಕೆಂದು ಅರ್ಜಿದಾರನು ನಂಬಿದನು. ಅತ್ತೆಯವರ ಮಡಿಲಲ್ಲಿ ಬ್ಯಾಟರಿ ಹೊತ್ತಿಕೊಂಡರೆ ಬಳಗಕ್ಕೆ ಏನೆಂದು ಹೇಳುವುದೆಂದು ಬೆವೆತು, ತಿರುಪನ್ನು ಇಳಿಸಿ, “ಕಡಿಮಿ ಮಾಡೇನಿ ಅಂತ ಹೇಳು” ಎಂದು ಉತ್ತರ ಕಳಿಸಿದನು. ವಾಣಿಶ್ರೀಯವರು ಆ ಉತ್ತರವನ್ನು ಒಂದಕ್ಷರ ಬಿಡದೆ ತಮಗೆ ತಲುಪಿಸಿದರು.

5. ಕಡಿಮೆ ತುಂಬಿದ್ದು ಬೇಗ ಮುಗಿಯಿತು. “ಇವತ್ತ ಇನ್ನೂ ಲಗೂ ಹೆಚ್ಚಾತಂತ” ಎಂದು ಮರುದಿನ ದೂರು ಬಂತು. ಅರ್ಜಿದಾರನು ಗಾಬರಿಯಿಂದ ಮತ್ತೆ ಇಳಿಸಿದನು. ಹೀಗೆ ದಿನಾ ದೂರು, ದಿನಾ ಇಳಿಕೆ. ಕೊನೆಗೆ ಧಾರಾವಾಹಿಯ ಹಾಡು ಮುಗಿಯುವುದರೊಳಗೆ ಬ್ಯಾಟರಿ ಮುಗಿಯತೊಡಗಿತು. “ನೀವು ರಿಪೇರಿ ಮಾಡಾಕತ್ತೀರೋ, ಸೇಡು ತೀರಿಸ್ಕೊಳ್ಳಾಕತ್ತೀರೋ?” ಎಂದು ವಾಣಿಶ್ರೀಯವರು ಕೇಳಿದರು. ಚಾರ್ಜರ್ ಮಾಡಲು ಹೋದವನಿಗೆ ಚಾರ್ಜ್‌ಶೀಟ್ ಬಂದಂತಾಯಿತು.

6. ಇಂದು ಬೆಳಿಗ್ಗೆ ತಾವು ಆಡಿದ ಮಾತು: “ತುಂಬಿಸಿ ಕೊಡ್ಲಿ ಅಂತ ಹೇಳಿ ಕಳಿಸಿದ್ರ, ಕಡಿಮಿ ಮಾಡೇನಿ ಅಂತಾರ ಅಳಿಯಂದ್ರು. ಬ್ಯಾಟ್ರಿ ಅಲ್ಲವಾ ವಾಣಿ, ಈ ಮನ್ಯಾಗ ನಾನ ಹೆಚ್ಚಾಗೇನಿ. ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗತೇನಿ.”

ಅರ್ಜಿದಾರನು ಗೋಡೆಯಾಚೆ ಚಹಾ ಬಟ್ಟಲು ಹಿಡಿದು ನಿಂತೇ ಇದ್ದನು. ಅತ್ತೆ ಅತ್ತರೆಂದು ನಂತರ ತಿಳಿಯಿತು.

7. ಆಗ ವಾಣಿಶ್ರೀಯವರು ಚೀಲ ಕೊಟ್ಟು, “ನಿಂತೀರೇನು, ಅಕ್ಕಿ ಹೆಚ್ಚಾಗ್ಯಾವ, ತಗೊಂಡ್ ಬರ್ರಿ” ಎಂದರು. ಅರ್ಜಿದಾರನು ಹೋದನು. ಅಂಗಡಿಯವನು “ಎಷ್ಟ ಕೊಡ್ಲಿರಿ?” ಎಂದಾಗ, ಹೆಚ್ಚಾಗಿರುವ ಅಕ್ಕಿಯನ್ನು ತಾನು ಇನ್ನಷ್ಟು ಒಯ್ಯಲು ಯಾಕೆ ಬಂದೆ ಎಂಬ ಪ್ರಶ್ನೆ ಹೊಳೆದು, ಅಕ್ಕಿ ತುಂಬಿಸಿಕೊಂಡು ಮನೆಗೆ ಓಡಿದನು.

ಅಕ್ಕಿ ತೀರಿದರೆ ಹೆಚ್ಚಾಯಿತು, ಬಳೆ ಒಡೆದರೆ ಹೆಚ್ಚಾಯಿತು. ಮನೆಯಲ್ಲಿ ‘ಇಲ್ಲ’, ‘ಮುಗೀತು’ ಅನ್ನಬಾರದೆಂದು ಹಿರಿಯರು ಕಲಿಸಿದ ಮಾತು ಅದು. ಅಳಿಯ ಕೈಯಾರೆ ಮಾಡಿದ ಡಬ್ಬಿಗೆ ‘ಸತ್ತಿತು’ ಅನ್ನಲು ತಮಗೆ ಬಾಯಿ ಬರಲಿಲ್ಲ. ತಾವು ಕೊಟ್ಟ ಮರ್ಯಾದೆಯನ್ನು ಅರ್ಜಿದಾರನು ವೋಲ್ಟಿನಲ್ಲಿ ಅಳೆದನು.

8. ಆದ್ದರಿಂದ ತಿರುಪನ್ನು ಮೂಲಸ್ಥಾನಕ್ಕೆ ತಿರುಗಿಸಿ, ಮೀಟರ್ ಹಚ್ಚಿ ನೋಡಿ, ಬ್ಯಾಟರಿಯನ್ನು ಪೂರ್ತಿ ತುಂಬಿಸಲಾಗಿದೆ.

ಮೇಲಿನ ಕಾರಣಗಳಿಗಾಗಿ ತಾವು ಪ್ರಯಾಣವನ್ನು ಕೈಬಿಟ್ಟು, ಇಲ್ಲಿಯ ವಾಸ್ತವ್ಯವನ್ನು ಮುಂದುವರಿಸಬೇಕೆಂದು ಕೋರಿಕೆ. ಅವಧಿಯನ್ನು ನಿಗದಿಪಡಿಸುವ ತಿರುಪು ಈ ಮನೆಯಲ್ಲಿ ಯಾರ ಕೈಯಲ್ಲೂ ಇಲ್ಲ.

ತಮ್ಮ ವಿಶ್ವಾಸ ಕಳೆದುಕೊಂಡು ಹುಡುಕುತ್ತಿರುವ,
ಗುರುಪಾದ

ದಿನಾಂಕ: ಇಂದೇ, ಬಸ್ಸಿಗಿಂತ ಮೊದಲು.

ಲಗತ್ತುಗಳು:
ಅ) ತುಂಬಿದ ಡಬ್ಬಿ.
ಆ) ಹೆಡ್‌ಫೋನ್.
ಇ) ಮೊಬೈಲಿನ ಬದಲು ಡಬ್ಬಿಗೆ ಜೋಡಿಸಿದ ಒಂದು ಮೈಕು. ಅದರ ತಂತಿ ಪಡಸಾಲೆಯವರೆಗೆ ಬಂದಿದ್ದು, ಮೈಕು ಅರ್ಜಿದಾರನ ಕೈಯಲ್ಲಿದೆ.

ವಿಶೇಷ ಸೂಚನೆ: ಇದನ್ನು ಓದಿಸಿಕೊಂಡ ನಂತರ ತಾವು ಹೆಡ್‌ಫೋನ್ ಧರಿಸಬೇಕು. ಅರ್ಜಿದಾರನು ಯಾರ ಮೂಲಕವೂ ಅಲ್ಲದೆ, ಖುದ್ದಾಗಿ, “ಅತ್ತಿ, ಹೋಗಬ್ಯಾಡ್ರಿ” ಎಂದು ಹೇಳಲಿದ್ದಾನೆ. ಕೇಳಿಸಿದ್ದಕ್ಕೆ ಸ್ವೀಕೃತಿಯಾಗಿ, ಗಂಟು ಕಟ್ಟಿದ ಸೀರೆಗಳನ್ನು ಕಪಾಟಿಗೆ ಮರಳಿಸಬೇಕಾಗಿ ವಿನಂತಿ.