ಕುನ್ನಿಗೆ ತಂಬಿಗಿ ಕಲಿಸಿದ ಕಥೆ

ಪೊಲೀಸರು ತಮ್ಮ ನಾಯಿಗಳಿಗೆ ಶಿಸ್ತು ಕಲಿಸಲು ಜೀಪು ಕಳಿಸಿ ಕರೆಸಿಕೊಂಡ ಮನುಷ್ಯ ಇಡೀ ಬೆಳಗಾವಿ ಜಿಲ್ಲೆಯಲ್ಲಿ ನಾನೊಬ್ಬನೇ. ಸುಳ್ಳು. ಜೀಪು ಬಂದಿರಲಿಲ್ಲ, ಪೊಲೀಸರೂ ಕರೆದಿರಲಿಲ್ಲ. ನಾನು ಶಿಸ್ತು ಕಲಿಸಿದ್ದು ಒಂದೇ ಒಂದು ಕುನ್ನಿಗೆ. ಅದೂ ಒಂದೇ ವಿಷಯದಲ್ಲಿ: ನಸುಕಿನಲ್ಲಿ ಎದ್ದು ಎಲ್ಲಿ ಕೂಡಬೇಕು, ಎಲ್ಲಿ ಕೂಡಬಾರದು.

ಇಂಥವು ನಮ್ಮ ಮನೆಯಲ್ಲಿ ನಡೆಯುತ್ತಲೇ ಇರುತ್ತವೆ. "ನೀವ ಮಾಡತೀರಿ" ಅನ್ನುತ್ತಾಳೆ ಹೆಂಡತಿ. ನಾನು ಮಾಡುವುದಿಲ್ಲ, ನಾನಿದ್ದಲ್ಲಿ ಆಗುತ್ತವೆ, ಅಷ್ಟೆ. ಈ ಹೋಟೆಲಿನವನ ಚಹಾ ಬರುವವರೆಗೆ ಹೇಳುತ್ತೇನೆ, ಕೇಳಿ. ಎಮರ್ಜೆನ್ಸಿಯ ಕಾಲ. ಬೈಲಹೊಂಗಲದ ಪೇಟೆಯಲ್ಲಿ ನನ್ನದೊಂದು ರೇಡಿಯೊ ರಿಪೇರಿ ಅಂಗಡಿ. ಮನೆಯಲ್ಲಿ ಅವ್ವ, ಹೆಂಡತಿ, ಮದುವೆಯ ವಯಸ್ಸಿಗೆ ಬಂದ ತಂಗಿ. ಗಂಡಸು ಅಂತ ನಾನೊಬ್ಬ. ಅದನ್ನೂ ಅವ್ವ ಪೂರ್ತಿ ಒಪ್ಪುತ್ತಿರಲಿಲ್ಲ.

ಸೋರುವ ರೇಡಿಯೊ

ದೊಡವಾಡದ ಒಬ್ಬ ರೈತರ ರೇಡಿಯೊ ರಿಪೇರಿ ಮಾಡಿಕೊಟ್ಟೆ. ಅವರು ಖುಷಿಯಾಗಿ, "ಏನರೆ ಒಂದು ತಗೊಂಡು ಹೋಗ್ರಿ" ಎಂದರು. ಹಿತ್ತಲಲ್ಲಿ ನಾಯಿ ಈದಿತ್ತು. ಕಂದು ಬಣ್ಣದ, ಒಂದು ಕಿವಿ ನಿಂತ, ಒಂದು ಕಿವಿ ಮಲಗಿದ ಕುನ್ನಿಯೊಂದು ಬಂದು ನನ್ನ ಚಪ್ಪಲಿ ಕಚ್ಚಿತು. ಅದನ್ನೇ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಕಂಡಕ್ಟರ್ ಬಂದ. "ಚೀಲದಾಗ ಏನೈತ್ರಿ?"

"ರೇಡಿಯೊ."

ಚೀಲ ಕುಂಯ್ ಅಂದಿತು.

"ಇದೇನ್ರಿ, ಒದರಾಕ ಹತ್ತೈತಿ?"

"ಸ್ಟೇಷನ್ ಹಚ್ಚಾಕ ಹತ್ತೈತಿ. ಸಿಕ್ಕಿಲ್ಲ ಇನ್ನೂ."

ಕಂಡಕ್ಟರ್ ತಲೆಯಾಡಿಸಿ ಮುಂದೆ ಹೋದ. ಬಸ್ಸು ಒಂದು ಗುಂಡಿ ಹಾರಿತು. ಕುನ್ನಿಗೆ ತಡೆದುಕೊಳ್ಳಲು ಆಗಲಿಲ್ಲ. ಚೀಲದಿಂದ ನನ್ನ ಧೋತರಕ್ಕೆ, ಧೋತರದಿಂದ ಬಸ್ಸಿನ ನೆಲಕ್ಕೆ ಒಂದು ಸಣ್ಣ ಹಳ್ಳ ಹರಿದು, ಹಿಂದಕ್ಕೆ ಬಂದ ಕಂಡಕ್ಟರನ ಬೂಟಿನ ತನಕ ಹೋಯಿತು. ಆತ ಬೂಟು ನೋಡಿದ, ಚೀಲ ನೋಡಿದ, ನನ್ನ ಮುಖ ನೋಡಿದ.

"ಬ್ಯಾಟರಿ ಲೀಕ್ ಆಗೇತ್ರಿ," ಎಂದೆ.

"ಹೌದ್ರಿ," ಅಂದ ಆತ ನಿಧಾನವಾಗಿ, "ನಮ್ಮ ಮನ್ಯಾಗಿನ ಬ್ಯಾಟರಿನೂ ಹಿಂಗ ಇತ್ತು. ರಾತ್ರಿ ಬೊಗಳತಿತ್ತು."

ರಂಗೋಲಿಯ ನಡುವೆ

ಅವ್ವ ದಿನಾ ನಸುಕಿನಲ್ಲಿ ಅಂಗಳ ಗುಡಿಸಿ, ಸಗಣಿ ನೀರು ಹೊಡೆದು, ರಂಗೋಲಿ ಹಾಕುತ್ತಿದ್ದಳು. ಕುನ್ನಿ ಹೊಸ್ತಿಲ ಮೇಲೆ ಕುಳಿತು ಅದನ್ನೆಲ್ಲ ಭಕ್ತಿಯಿಂದ ನೋಡುತ್ತಿತ್ತು. ಅವ್ವ ಕೊನೆಯ ಎಳೆ ಎಳೆದು ಸೊಂಟ ನೆಟ್ಟಗೆ ಮಾಡುವುದೇ ತಡ, ಇಳಿದು ಹೋಗಿ ಸರಿಯಾಗಿ ಕಮಲದ ನಡುವೆ ಕೂಡುತ್ತಿತ್ತು. ಇಷ್ಟು ಚೊಕ್ಕ ಜಾಗ ಮತ್ತೆಲ್ಲಿ ಸಿಗಬೇಕು ಅದಕ್ಕೆ?

"ಅವ್ವಾ, ನೀ ಆಕಳ ಸಗಣಿ ಹಾಕಿ ಶುರು ಮಾಡಿದಿ. ಅದು ಮುಗಿಸಾಕ ಹತ್ತೈತಿ," ಎಂದೆ.

ಅವ್ವ ಕಸಬರಿಗೆ ಎತ್ತಿದಳು. ಕುನ್ನಿಗಲ್ಲ, ನನಗೆ.

ರಂಗೋಲಿಯಾಯಿತು, ಮುಂದೆ ಪಡಸಾಲೆ. ಹಾಸಿದ ಕಂಬಳಿಯ ಮೇಲೆ ನಡೆದ ಸಂಗತಿ ಬೇಡ ಬಿಡಿ. ಅವತ್ತು ಅವ್ವ ಆಣೆ ಮಾಡಿದಳು: "ಇನ್ನೊಮ್ಮೆ ಈ ಪಡಸಾಲ್ಯಾಗ ಇದು ಕುಂತದ್ದು ನನ್ನ ಕಣ್ಣಿಗೆ ಬಿತ್ತಂದ್ರ ಮುಗೀತು. ದೊಡವಾಡದ ಬಸ್ಸಿಗೆ ಹಾಕಿ ಬರೂದ."

ನಾನು ನಕ್ಕೆ. ಆದರೆ ಒಳಗೆ ಅಂಜಿಕೆಯಾಯಿತು. ಯಾಕೆಂದರೆ ಅಷ್ಟರಲ್ಲಿ ಆ ಕುನ್ನಿ ಅಂಗಡಿಯಲ್ಲಿ ನನ್ನ ಪಾದದ ಮೇಲೆ ಗದ್ದ ಇಟ್ಟು ಮಲಗುವುದನ್ನು ರೂಢಿ ಮಾಡಿಕೊಂಡಿತ್ತು. ಗಿರಾಕಿಗಳಿಗೆ ನಾನು ಹೇಳುವ ಸುಳ್ಳನ್ನೆಲ್ಲ ತಲೆ ವಾರೆ ಮಾಡಿ ಕೇಳಿ ನಂಬುವ ಪ್ರಾಣಿ ಇಡೀ ಊರಲ್ಲಿ ಅದೊಂದೇ. ಅದನ್ನು ಕಳೆದುಕೊಳ್ಳುವುದು ಹೇಗೆ?

ಬೀದಿಯವರೂ ಆಡಿಕೊಳ್ಳತೊಡಗಿದರು. ಎಮರ್ಜೆನ್ಸಿ ಬಂದ ಮೇಲೆ ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಕಚೇರಿಗೆ ಸಾಹೇಬರು ಹೊತ್ತಿಗೆ ಸರಿಯಾಗಿ ಬರುತ್ತಿದ್ದರು. ಊರಿನಲ್ಲಿ ಹೊತ್ತು ಗೊತ್ತಿಲ್ಲದೆ ಬರುತ್ತಿದ್ದದ್ದು ನಮ್ಮ ಕುನ್ನಿಗೆ ಮಾತ್ರ.

ಯಾರಿಗೆ ಯಾರೂ ಪರಿಚಯವಿಲ್ಲದ ಹೊತ್ತು

ಆಗ ನಮ್ಮ ಓಣಿಯ ಗಂಡಸರೆಲ್ಲ ಬಯಲುಕಡೆಗೆ ಹೋಗುವವರೇ. ನಸುಕಿನಲ್ಲಿ ಒಬ್ಬೊಬ್ಬರು ಒಂದೊಂದು ತಂಬಿಗಿ ನೀರು ಹಿಡಿದುಕೊಂಡು ಊರ ಹೊರಗಿನ ಹಳ್ಳದ ಕಡೆ ಹೊರಡುತ್ತಿದ್ದರು. ಅದಕ್ಕೊಂದು ಮರ್ಯಾದೆಯಿತ್ತು. ತಂಬಿಗಿ ಹಿಡಿದವನಿಗೆ ಶರಣು ಅನ್ನಬಾರದು. ಎಲ್ಲಿಗೆ ಹೊಂಟ್ರಿ ಎಂದು ಕೇಳಬಾರದು. ಜಾಲಿ ಕಂಟಿಯ ಹಿಂದೆ ಕೂತ ಮೇಲಂತೂ ತಮ್ಮನಿಗೆ ಅಣ್ಣನ ಗುರುತಿರಬಾರದು. ಹೆಚ್ಚೆಂದರೆ ಕೆಮ್ಮಬಹುದು: ಇಲ್ಲಿ ಜಾಗ ತುಂಬಿದೆ ಎಂದು ಅರ್ಥ.

ಕುನ್ನಿಗೆ ಇದಕ್ಕಿಂತ ಒಳ್ಳೆಯ ಸಾಲೆ ಎಲ್ಲಿದೆ ಎಂದು ಕರೆದುಕೊಂಡು ಹೋದೆ. ಮೊದಲ ದಿನವೇ ಅದು ಮರ್ಯಾದೆಯನ್ನೆಲ್ಲ ಗಾಳಿಗೆ ತೂರಿತು. ಒಂದೊಂದು ಕಂಟಿಯ ಹಿಂದೆಯೂ ಹೋಗಿ, ಬಾಲ ಅಲ್ಲಾಡಿಸಿ, ಕೂತವರ ಮುಖ ನೆಕ್ಕಿ, ಬೊಗಳಿ ಎಲ್ಲರ ಯೋಗಕ್ಷೇಮ ವಿಚಾರಿಸಿತು. ಕಂಟಿಗಳೆಲ್ಲ ಒಂದೇ ಸವನೆ ಕೆಮ್ಮತೊಡಗಿದವು.

ಆಮೇಲೆ ಠಣ್ ಅಂತ ಒಂದು ಸಪ್ಪಳ. ಯಾರದೋ ತಂಬಿಗಿ ಉರುಳಿತು. ನೀರು ಹೋಯಿತು.

ದೊಡ್ಡ ಕಂಟಿಯ ಹಿಂದಿನಿಂದ, ನನಗೆ ಕನ್ನಡ ಸಾಲೆಯಲ್ಲಿ ಕಲಿಸಿದ ಹೆಡ್ ಮಾಸ್ತರರ ದನಿ: "ಯಾರರೆ ಸ್ವಲ್ಪ ನೀರು ಕೊಡ್ರೆಪಾ."

ಯಾರೂ ಉಸಿರೆತ್ತಲಿಲ್ಲ. ಉತ್ತರ ಕೊಟ್ಟರೆ ನಾನಿಲ್ಲಿದ್ದೇನೆ ಎಂದು ಒಪ್ಪಿದ ಹಾಗಲ್ಲವೇ?

"ಎಲ್ಲಾರೂ ಇಲ್ಲೇ ಇದ್ದೀರಿ ಅಂತ ಗೊತ್ತೈತಿ ನನಗ! ಹಾಜರಿ ಕರೀಲೇನು?"

ನಾನೇ ಎದ್ದು, ಮುಖ ಬೇರೆ ಕಡೆ ತಿರುಗಿಸಿಕೊಂಡು, ತಂಬಿಗಿ ಚಾಚಿದೆ. "ಮಾಸ್ತರ್, ಅರ್ಧ ನಿಮಗ, ಅರ್ಧ ನನಗ."

"ಭಾಡ್ಯಾ," ಎಂದರು ಮಾಸ್ತರರು, "ಪರೀಕ್ಷಾದಾಗ ಉತ್ತರಾನೂ ಅರ್ಧ ಕೊಡತಿದ್ದಿ. ಇವತ್ತರೆ ಪೂರ್ತಿ ಕೊಡೋ!"

ಕರಿಬೇವು

ದಿನ ಕಳೆದಂತೆ ಕುನ್ನಿ ಕಲಿಯಿತು. ಕಲಿತದ್ದು ಹೇಗೆಂದರೆ, ನಮ್ಮನ್ನು ನೋಡಿ, ನಮ್ಮ ಹಾಗೆಯೇ. ಕೈಯಲ್ಲಿ ತಂಬಿಗಿ ಎತ್ತಿದರೆ ಹೊರಡಬೇಕು. ತಂಬಿಗಿ ನೆಲಕ್ಕೆ ಇಟ್ಟು ಮನುಷ್ಯ ಕೂತರೆ, ಆಗ ತಾನೂ ಕೂಡಬೇಕು. ಮನುಷ್ಯ ಕೂಡದಿದ್ದರೆ ತಾನೂ ಕೂಡುವುದಿಲ್ಲ. ಒಬ್ಬನೇ ಕೂಡುವುದು ಅದಕ್ಕೆ ಅಪಮಾನ. ನಾಯಿಗೆ ಇಷ್ಟು ನಡಾವಳಿ ಬಂದದ್ದು ನೋಡಿ ಮಾಸ್ತರರೇ ಅಂದರು: "ನಿನಗಿಂತ ಅಡ್ಡಿಯಿಲ್ಲ."

ಒಮ್ಮೆ ಕಿತ್ತೂರಿನಲ್ಲಿ ಒಂದು ಮದುವೆಯ ಲೌಡ್‌ಸ್ಪೀಕರ್ ಕೆಟ್ಟು ನಾನು ಅಲ್ಲೇ ಉಳಿಯಬೇಕಾಯಿತು. ಮರುದಿನ ನಸುಕಿನಲ್ಲಿ ಕುನ್ನಿ ಬಾಗಿಲಲ್ಲಿ ನಿಂತು ಕುಂಯ್‌ಗುಟ್ಟತೊಡಗಿತಂತೆ. ಹೆಂಡತಿ ಹಾಲು ತರಲು ಹೋಗಿದ್ದಳು. ಪಡಸಾಲೆ ಅಪಾಯದಲ್ಲಿತ್ತು. ಅವ್ವ ಬೇರೆ ದಾರಿಯಿಲ್ಲದೆ ಒಂದು ತಂಬಿಗಿ ಹಿಡಿದು ಅದನ್ನು ಹಿತ್ತಲಿಗೆ ಕರೆದೊಯ್ದಳು. ತಂಬಿಗಿ ಇಟ್ಟಳು. ಕುನ್ನಿ ಅವಳ ಮುಖ ನೋಡುತ್ತ ನಿಂತಿತು.

"ಕುಂದರು," ಎಂದಳು ಅವ್ವ.

ಕುನ್ನಿ ಕಾಯಿತು: ಮೊದಲು ನೀವು, ದೊಡ್ಡವರು.

ಅವ್ವ ಅತ್ತಿತ್ತ ನೋಡಿದಳು. ಯಾರೂ ಇಲ್ಲ. ಕರಿಬೇವಿನ ಗಿಡದ ಮರೆಯಲ್ಲಿ, ಸೀರೆ ಒತ್ತಿ ಹಿಡಿದು, ಸುಮ್ಮನೆ ಕುಕ್ಕರಗಾಲಿನಲ್ಲಿ ಕೂತಳು. ಕುನ್ನಿಯೂ ಸಮಾಧಾನದಿಂದ ಪಕ್ಕದಲ್ಲೇ ಕೂತಿತು. ಅದೇ ಗಳಿಗೆಗೆ ಗೋಡೆಯಾಚೆಯಿಂದ ನೆರೆಮನೆಯ ಹೆಣ್ಣುಮಗಳು ಇಣುಕಿದಳು.

"ಯಾಕ್ರೀ ಅತ್ತಿ, ಇಲ್ಲೇ ಕುಂತ್ರಿ?"

"ಕರಿಬೇವು ಹರಿಯಾಕ ಹತ್ತೇನವಾ."

"ತಂಬಿಗಿ ಇಟಗೊಂಡು?"

ಅವ್ವ ಇದನ್ನು ನನಗೆ ಹೇಳಲಿಲ್ಲ. ಕಿತ್ತೂರಿನಿಂದ ಬಂದು ಬಸ್ಸಿಳಿದು ಮನೆ ಮುಟ್ಟುವುದರೊಳಗೆ ಓಣಿಯ ಪ್ರತಿಯೊಬ್ಬರೂ ಹೇಳಿದರು. ಆಮೇಲೆ ಬಹಳ ದಿನ ನಮ್ಮ ಮನೆಯ ಕರಿಬೇವನ್ನು ಯಾರೂ ಕೇಳಿ ಒಯ್ಯಲಿಲ್ಲ.

ರಾಮದುರ್ಗದ ಹಿರಿಯರು

ತಂಗಿಗೆ ರಾಮದುರ್ಗದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಬಂದು ನೋಡಿ ಒಪ್ಪಿ ಹೋಗಿದ್ದ. ಇನ್ನು ಅವನ ತಂದೆ ನಮ್ಮ ಮನೆಗೆ ಬಂದು, ಮನೆತನ ನೋಡಿ, ಮಾತು ಕೊಡಬೇಕಾಗಿತ್ತು. ಅವರು ನಸುಕಿಗೂ ಮೊದಲಿನ ಬಸ್ಸು ಹಿಡಿದು, ಹೊತ್ತು ಹುಟ್ಟುತ್ತಲೇ ನಮ್ಮ ಬಾಗಿಲಿಗೆ ಬಂದರು. ಜರಿ ರುಮಾಲು, ದೊಡ್ಡ ಮೀಸೆ, ಹತ್ತಿಯ ವ್ಯಾಪಾರಸ್ಥರು.

"ಬರ್ರಿ ಬರ್ರಿ, ಕುಂದರ್ರಿ," ಎಂದಳು ಅವ್ವ. ಹಿರಿಯರು ಕುಂದರಲಿಲ್ಲ. ಎಲ್ಲರೂ ಮತ್ತೆ ಹೇಳಿದ ಮೇಲೆ, ಕಂಬಳಿಯ ತುದಿಗೆ, ಒಂದು ಕಡೆ ವಾಲಿಕೊಂಡು ಕೂತರು.

"ಬಸ್ಸು ಆರಾಮ ಇತ್ತೇನ್ರಿ?"

"ಹೂಂ."

"ಅವಲಕ್ಕಿ ತಗೋರಿ."

"ಬ್ಯಾಡ."

"ಚಹಾ?"

"ಅಯ್ಯೋ, ಬ್ಯಾಡ್ರಿ!"

ಹಣೆಯ ಮೇಲೆ ಬೆವರು. ಅವ್ವನ ಮುಖ ಬಾಡಿತು. ಒಳಬಾಗಿಲಲ್ಲಿ ತಂಗಿಯ ಕಣ್ಣಲ್ಲಿ ನೀರು. ಮನೆ ಅವರ ಮನಸ್ಸಿಗೆ ಬರಲಿಲ್ಲ ಎಂದು ಎಲ್ಲರಿಗೂ ಖಾತ್ರಿಯಾಯಿತು.

ಬಂದವರ ಮುಂದೆ ನೀರಿಡುವುದು ಪದ್ಧತಿ. ಹೆಂಡತಿ ತಂಬಿಗಿಯಲ್ಲಿ ನೀರು ತಂದು ಅವರ ಮುಂದೆ ಇಟ್ಟಳು. ಆಗ ನನಗೆ ನೆನಪಾಯಿತು: ಕುಡಿಯುವ ತಂಬಿಗಿ ಬೇರೆ, ಬಯಲುಕಡೆಯ ತಂಬಿಗಿ ಬೇರೆ ಎಂಬ ಭೇದವನ್ನು ನಾನು ಕುನ್ನಿಗೆ ಕಲಿಸಿರಲಿಲ್ಲ. ಮೂಲೆಯಲ್ಲಿ ಮಲಗಿದ್ದ ಅದು ಎದ್ದು ನಿಂತಿತು. ತಂಬಿಗಿ ನೆಲಕ್ಕೆ ಇಟ್ಟಾಗಿದೆ. ಮನುಷ್ಯ ಕೂತಾಗಿದೆ. ಇನ್ನೇನು ಬೇಕು? ಹಿರಿಯರ ಪಕ್ಕಕ್ಕೆ ಬಂದು, ಕಂಬಳಿ ಮೂಸಿ, ತನ್ನ ಸುತ್ತಲೇ ತಾನು ತಿರುಗತೊಡಗಿತು.

ಅವ್ವನೂ ನೋಡಿದಳು. ಅವಳ ಕಣ್ಣಿನಲ್ಲಿ ನನಗೆ ದೊಡವಾಡದ ಬಸ್ಸು ಕಂಡಿತು.

ತಂಬಿಗಿ ಎತ್ತಿದರೆ ಕುನ್ನಿ ಏಳುತ್ತದೆ. ಹೊಳೆದದ್ದು ಅಷ್ಟೇ. ಹಾರಿ ಹೋಗಿ ತಂಬಿಗಿ ಎತ್ತಿದೆ. ಎತ್ತಿದವನಿಗೆ ಮುಂದೇನು ಮಾಡಬೇಕೋ ತಿಳಿಯದೆ, ಅದನ್ನು ಹಿರಿಯರ ಕೈಯಲ್ಲೇ ತುರುಕಿದೆ.

"ಹಿಡೀರಿ!"

ಮೊದಲ ಸಲ ಮನೆಗೆ ಬಂದ ಬೀಗರ ಕೈಗೆ ತಂಬಿಗಿ! ಎದ್ದು ಹೊರಕಡೆ ನಡೀರಿ ಎಂದ ಹಾಗೆ! ಅವ್ವ ಸೆರಗು ಬಾಯಿಗೆ ಒತ್ತಿದಳು.

ಹಿರಿಯರು ತಂಬಿಗಿ ನೋಡಿದರು. ನನ್ನನ್ನು ನೋಡಿದರು. ಅವರ ಮೀಸೆ ನಡುಗಿತು. ಕಣ್ಣಲ್ಲಿ ನೀರು ಬಂತು.

"ನಿಮಗ... ಹೆಂಗ ತಿಳೀತ್ರಿ?"

ಅಷ್ಟೇ ಅಂದದ್ದು. ಕುನ್ನಿ ಧೋತರದ ಚುಂಗು ಹಿಡಿದು ಎಳೆಯಿತು, ಹಿರಿಯರು ಎದ್ದರು. ಆಮೇಲೆ ಓಣಿಯವರು ಕಂಡದ್ದು ಇದು: ಮುಂದೆ ಬಾಲ ಎತ್ತಿಕೊಂಡು ಕುನ್ನಿ, ಅದರ ಹಿಂದೆ ಒಂದು ಕೈಯಲ್ಲಿ ಧೋತರ, ಒಂದು ಕೈಯಲ್ಲಿ ತಂಬಿಗಿ ಹಿಡಿದು ಜರಿ ರುಮಾಲಿನ ಹಿರಿಯರು, ಅವರ ಹಿಂದೆ "ಎಡಕ್ಕ ಹೊಳ್ರಿ, ಎಡಕ್ಕ!" ಎಂದು ಕೂಗುತ್ತ ನಾನು. ಎದುರಿಗೆ ಬಂದ ಮಾಸ್ತರರು ಮರ್ಯಾದೆಯಿಂದ ಗೋಡೆಯ ಕಡೆ ಮುಖ ಮಾಡಿ ನಿಂತರು.

ತಿರುಗಿ ಬಂದ ಮನುಷ್ಯ ಬೇರೆಯೇ. ಕಾಲು ತೊಳೆದು, ಕಂಬಳಿಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತರು. ಅವಲಕ್ಕಿ ತಿಂದರು, ಮತ್ತೆ ಹಾಕಿಸಿಕೊಂಡು ತಿಂದರು, ಚಹಾ ಕುಡಿದರು. ಆಮೇಲೆ ಅವ್ವನ ಕಡೆ ತಿರುಗಿದರು.

"ಬಸ್ಸು ಯರಗಟ್ಟಿ ದಾಟಿದಾಗಿಂದ ನಾ ದೇವರ ನೆನಸಾಕ ಹತ್ತೇನ್ರಿ ಅಕ್ಕಾ. ಹೊಸಾ ಬೀಗರ ಮನಿ, ಬಾಯಿ ಬಿಟ್ಟು ಎಲ್ಲಿ ಅಂತ ಹೆಂಗ ಕೇಳೂದು? ಕೇಳೂಕಿಂತ ಮೊದಲ ತಿಳಕೊಂಡ್ರಿ ನೀವು. ಇಂಥಾ ಮನೀ ಹೆಣ್ಣು ಸಿಗಾಕ ಪುಣ್ಯ ಮಾಡಿರಬೇಕು."

"ತಿಳಕೊಂಡದ್ದು ನಾ ಅಲ್ರಿ," ಎಂದೆ, ಕುನ್ನಿಯ ಕಡೆ ಬೆರಳು ತೋರಿಸಿ. ನನ್ನ ಜನ್ಮದಲ್ಲಿ ನಾನು ಬಿಟ್ಟುಕೊಟ್ಟ ದೊಡ್ಡಸ್ತಿಕೆ ಅದೊಂದೇ.

ಹಿರಿಯರು ಕುನ್ನಿಯನ್ನು ತೊಡೆಯ ಮೇಲೆ ಎತ್ತಿಕೊಂಡರು. ತಲೆ ಸವರಿದರು. "ಮಾತು ಕೊಟ್ಟೇನ್ರಿ. ಮದುವ್ಯಾಗ ನಮಗ ಅರಿವಿ ಬ್ಯಾಡ, ಭಾಂಡೆ ಬ್ಯಾಡ. ಹೆಣ್ಣಿನ ಜೋಡಿ ಈ ಕುನ್ನಿ ಒಂದು ಕೊಟ್ಟಬಿಡ್ರಿ."

ಅವ್ವ ಎದ್ದು ಬಂದಳು. ಬೀಗರು ಎಂಬುದನ್ನೂ ನೋಡದೆ ಅವರ ತೊಡೆಯ ಮೇಲಿನಿಂದ ಕುನ್ನಿಯನ್ನು ಎತ್ತಿ ತನ್ನ ಸೆರಗಿನಲ್ಲಿ ಹಾಕಿಕೊಂಡಳು.

"ಮಗಳನ್ನ ಕೊಡತೇವ್ರಿ," ಎಂದಳು. "ಕಡಿಮಿ ಆತು ಅಂದ್ರ ಈ ಮಗನ್ನೂ ಕರಕೊಂಡು ಹೋಗ್ರಿ. ಕುನ್ನಿ ಕೊಡಂಗಿಲ್ಲ!"

ಏನು, ಎದ್ದೇಬಿಟ್ಟಿರಾ? ನಗುತ್ತ ನಗುತ್ತ ಹಾಗೇ ಗಲ್ಲಾದ ಕಡೆ ಹೋಗುವವರಿದ್ದರೆ, ನನ್ನ ಚಹಾದ್ದೂ ನೀವೇ ಕೊಟ್ಟುಬಿಡಿ.