ತೇಬೆಕ್ ಬೆಟ್ಟ ಹತ್ತಿದ ಹಂದಿತಲೆ

ಅಷ್ಟೂ ಫಜೀತಿಗೆ ಕಾರಣ ಬೂಟಿಗೆ ಕಟ್ಟುವ ಮುಳ್ಳುಪಟ್ಟಿ. ಹಿಮದಲ್ಲಿ ಕಾಲು ಜಾರದಿರಲಿ ಎಂದು ಪ್ಯೋ ಮನ್‌ಸಿಕ್ ಜೋಪಾನ ಮಾಡಿದ್ದ ಆ ಜೋಡಿ, ಇವತ್ತೇ ಚಪ್ಪಲಿ ಗೂಡಿನಿಂದ ಮಾಯ! ಹೆಂಡತಿ ಓಕ್‌ಬುನ್ ಬೆಳಗಾಗುವ ಮೊದಲೇ ತಂಗಿಯ ಮನೆಗೆ ಹೊರಟುಹೋಗಿದ್ದಳು. ಫೋನ್ ಮಾಡಿ ಕೇಳುವ ಹಾಗೂ ಇರಲಿಲ್ಲ. ಹೋದ ವರ್ಷ ಅವನು ಬೆಟ್ಟದಲ್ಲಿ ಬಿದ್ದು ಮಂಡಿ ಮುರಿದುಕೊಂಡ ಮೇಲೆ, ಬೆಟ್ಟದ ಹೆಸರೆತ್ತಕೂಡದು ಎಂದು ಅವಳು ಆಣೆ ಮಾಡಿಸಿದ್ದಳು. ಇವತ್ತು ಪೇಟೆಯ ಬಿಸಿನೀರಿನ ಸ್ನಾನದ ಮನೆಗೆ ಹೋಗುತ್ತೇನೆಂದು ಅವಳಿಗೆ ಸುಳ್ಳು ಹೇಳಿದ್ದ.

ಹೋಗದೆ ಇರುವುದಾದರೂ ಹೇಗೆ? ಅವನ ಚಾರಣ ಸಂಘದವರು ವರ್ಷದಲ್ಲಿ ಮೊದಲ ಸಲ ಬೆಟ್ಟ ಹತ್ತಿದಾಗ ಬೆಟ್ಟದಪ್ಪನಿಗೆ ಬೇಯಿಸಿದ ಹಂದಿತಲೆ ಇಟ್ಟು ಅಡ್ಡಬೀಳಬೇಕು. ಅದನ್ನು ಶಿಖರ ಮುಟ್ಟಿಸಿದವನೇ ಸಂಘಕ್ಕೆ ಆ ವರ್ಷದ ನಾಯಕ. ತೋಳಿಗೆ ಕೆಂಪು ಪಟ್ಟಿ. ಸೇರಿದಂದಿನಿಂದ ಸಾಲಿನ ಬಾಲದಲ್ಲೇ ಏದುಸಿರು ಬಿಟ್ಟಿದ್ದ ಮನ್‌ಸಿಕ್‌ಗೆ ಈ ಸಲ ಸರದಿ ಬಂದಿತ್ತು. ತಲೆ ನಕ್ಕಷ್ಟೂ ಶುಭವೆಂದು ಸಂತೆಯೆಲ್ಲ ಸುತ್ತಿ, ಬಾಯಿತುಂಬ ನಗುವ ತಲೆಯನ್ನೇ ಆರಿಸಿ ತಂದಿದ್ದ.

ಭಾನುವಾರ. ಇಡೀ ಕೊರಿಯಾವೇ ತೇಬೆಕ್ ಬೆಟ್ಟಕ್ಕೆ ಬಂದಂತಿತ್ತು.

"ಅಣ್ಣಾ, ಹೆಂಗೂ ಹೊರ್ತಿದ್ದೀಯ, ಈ ಅಕ್ಕಿಹೆಂಡಾನೂ ಇರ್ಲಿ," ಎಂದು ಒಬ್ಬ ಅವನ ಚೀಲಕ್ಕೆ ತುರುಕಿದ. ಇನ್ನೊಬ್ಬ ಪೇರ್ ಹಣ್ಣು ತುರುಕಿದ.

"ನಿನ್ ಬೂಟಿಗೆ ಮುಳ್ಳುಪಟ್ಟಿ ಇಲ್ವಲ್ಲಯ್ಯ, ತಲೆ ಇಲ್ಲಿ ಕೊಡು," ಎಂದರು ಸಂಘದ ಅಧ್ಯಕ್ಷ ಗು.

"ಊಹೂಂ! ಮುಟ್ಟಬೇಡಿ ಸಾರ್!"

ಶಿಖರ ಕಂಡಿತು. ಮನ್‌ಸಿಕ್ ಎದೆಯುಬ್ಬಿಸಿ, ಜನ್ಮದಲ್ಲಿ ಮೊದಲ ಸಲ ಸಾಲಿನ ಮುಂದಕ್ಕೆ ಬಂದ. ಅಲ್ಲೇ ಕಾಲು ಜಾರಿತು. ಚೀಲದ ಬಾಯಿ ಬಿಚ್ಚಿಕೊಂಡು, ಹಂದಿತಲೆ ನಗುನಗುತ್ತಲೇ ಇಳಿಜಾರಿನಲ್ಲಿ ಹೊರಟಿತು.

"ಅಯ್ಯಯ್ಯೋ, ಹಿಡೀರೋ!" ಎನ್ನುತ್ತ ಮನ್‌ಸಿಕ್ ಕುಂಡೆಯ ಮೇಲೆ ಜಾರುತ್ತ ಅದರ ಹಿಂದೆ ಬಿದ್ದ.

ಕೆಳಗೆ ಬಯಲಿನಲ್ಲಿ ಹೆಂಗಸರ ಸಂಘವೊಂದು ತಲೆಯ ಬದಲು ಹಂದಿಯ ಚಿತ್ರವಿಟ್ಟು ಪೂಜೆ ನಡೆಸುತ್ತಿತ್ತು. ತಲೆ ನೇರ ಬಂದು ಚಿತ್ರವನ್ನು ಕೆಡವಿ, ಅದರ ಜಾಗದಲ್ಲಿ ತಾನೇ ಕೂತಿತು.

"ಬೆಟ್ಟದಪ್ಪನೇ ಕಳಿಸಿದ ಕಣ್ರೇ!" ಎಂದು ಎಲ್ಲರೂ ಅಡ್ಡಬಿದ್ದರು.

"ನೋಡ್ರೇ ನೋಡ್ರೇ, ತಲೆ ಬಂತು, ಹಿಂದೇನೇ ಮೈಯೂ ಬಂತು!"

ಮನ್‌ಸಿಕ್ ಬಂದು ನಾಯಕಿಯ ಕಾಲಬುಡದಲ್ಲಿ ಬೋರಲು ಬಿದ್ದ. ಕಣ್ಣು ಬಿಟ್ಟರೆ ಎದುರಿಗೆ ಬೂಟು. ಬೂಟಿಗೆ ಮುಳ್ಳುಪಟ್ಟಿ. ಹರಿದ ಕಡೆ ಅವನೇ ಬಿಗಿದಿದ್ದ ನೀಲಿ ತಂತಿ! ಕತ್ತೆತ್ತಿದ. ತೋಳಿನಲ್ಲಿ ಕೆಂಪು ಪಟ್ಟಿ, ಇನ್ನೂ ಮೇಲಕ್ಕೆ ನೋಡಿದರೆ ಓಕ್‌ಬುನ್‌ಳ ಮುಖ.

"ಇದೇನೇ ನಿನ್ನ ತಂಗಿ ಮನೆ?"

"ಇದೇನ್ರೀ ನಿಮ್ಮ ಸ್ನಾನದ ಮನೆ?"

"ಮೂರು ವರ್ಷದಿಂದ ಇವ್ರೇ ನಮ್ಮ ನಾಯಕಿ," ಎಂದಳು ಪಕ್ಕದವಳು. "ಎಂಥಾ ಹಿಮಗಾಳೀಲೂ ಒಬ್ಬರನ್ನೂ ಹಿಂದೆ ಬಿಟ್ಟು ಬಂದೋರಲ್ಲ."

ಓಕ್‌ಬುನ್ ಬಗ್ಗಿ ಅವನ ಮಂಡಿಯ ಹಿಮ ಕೊಡವಿದಳು. "ನೋವಾಯ್ತಾ?"

"ಇಲ್ಲ ಕಣೇ. ಆ ತಲೆ ಕೊಟ್ಟುಬಿಡು, ನಾನು ನಾಯಕ ಆಗ್ಬೇಕು."

"ದೇವರು ಕೊಟ್ಟಿದ್ದನ್ನ ವಾಪಸ್ ಕೊಡೋ ಪದ್ಧತಿ ನಮ್ಮಲ್ಲಿಲ್ಲ. ಮೇಲೆ ಹೋಗಿ ಎಲ್ಲರೂ ಹಂಚಿ ತಿನ್ನೋಣ, ಹೊತ್ಕೊಳ್ಳಿ. ಹೊಸಬರು ಸಾಲಿನ ಕೊನೇಲಿ!" ಸೀಟಿ ಊದಿದಳು.

ಶಿಖರದಲ್ಲಿ ಅಧ್ಯಕ್ಷ ಗು ಹೊಟ್ಟೆ ಹಿಡಿದುಕೊಂಡು ನಕ್ಕರು. "ತಲೆ ಅವ್ರ ಪಾಲಾಗಿ ನಾಯಕಪಟ್ಟ ಹೋಯ್ತಲ್ಲಯ್ಯ! ಹೆಂಗಸರ ಸಾಲಲ್ಲೂ ನೀನೇ ಬಾಲವೇನೋ?"

ಹೊರೆಯಡಿ ಬಾಗಿದ್ದ ಮನ್‌ಸಿಕ್ ನೆಟ್ಟಗಾದ. ಹಂದಿಗಿಂತ ಅಗಲವಾಗಿ ನಕ್ಕು ಸಾಲಿನ ಮುಂದಿನ ತುದಿಗೆ ಕೈ ತೋರಿಸಿದ.

"ಅಲ್ಲಿ ಮುಂದೆ ಕೆಂಪು ಪಟ್ಟಿ ಕಾಣ್ತಿದೆಯಲ್ಲ ಸಾರ್, ಅವ್ರು ನಮ್ಮನೆಯೋರು!"